ಪಡುವಲಕ್ಕೆ ವಾಲಿದ ಕಣ್ಣು

ಪುಟ್ಟಮಾದಮ್ಮನ ರಾಗಿ ಕುಯ್ಲಿಗೆ ಬಂದು ನಿಂತಿತ್ತು. ತೆನೆ ಮುಷ್ಟಿ ಕಟ್ಟಿತ್ತು, ದಂಟು ಬಣ್ಣ ತಿರುಗಿತ್ತು, ಇನ್ನು ಕೆಲವು ದಿನ ತಡೆದರೆ ಕಾಳು ತಾನಾಗಿ ಉದುರುತ್ತಿತ್ತು. ಉದುರುವವರೆಗೆ ಆನೆ ಬಿಡುತ್ತದೆಂಬ ಭರವಸೆಯೂ ಇರಲಿಲ್ಲ. ಹೊಲ ಇರುವುದು ಹೂಗ್ಯಂ ಊರಿನ ಕೊನೆಯಲ್ಲಿ. ಬದು ದಾಟಿದರೆ ಕಾಡು. ಹೋದ ವಾರವೇ ಬದುವಿನ ಮೇಲೆ ಲದ್ದಿ ಬಿದ್ದಿತ್ತು.

ಹೂಗ್ಯಂನಲ್ಲಿ ಕುಯ್ಲು ನಡೆಯುವುದು ಮುಯ್ಯಾಳಿನಿಂದ. ಇವತ್ತು ಅವರ ಹೊಲಕ್ಕೆ ಇವರು ಹೋದರೆ ನಾಳೆ ಇವರ ಹೊಲಕ್ಕೆ ಅವರು ಬರಬೇಕು. ಕೂಲಿಯ ಮಾತಿಲ್ಲ, ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಪುಟ್ಟಮಾದಮ್ಮ ಆ ಸಲ ಆಗಲೇ ಐದಾರು ಮನೆಯ ಹೊಲದಲ್ಲಿ ಬಗ್ಗಿ ಎದ್ದಿದ್ದಳು. ಈಗ ಅವಳ ಸರದಿ. ಬೆಳಿಗ್ಗೆ ಹಟ್ಟಿಯ ಕಸ ಗುಡಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ಕರೆಯಲು ಹೊರಟಳು.

ಮೊದಲು ಸಿಕ್ಕವನು ಶಿವಶಂಕರ. ಮದುವೆಯಾಗಿ ವರ್ಷ ತುಂಬದ ಹುಡುಗ, ಊರಿನಲ್ಲೆಲ್ಲ ಅವನ ಕುಡುಗೋಲಿನ ಕೈಯೇ ಚುರುಕು.

"ಸೊಂಟ ಇಡ್ಕಂಬುಟ್ಟದೆ ಕಣಕ್ಕ," ಅಂದ. "ಬಗ್ಗಕ್ಕೇ ಆಯ್ತಿಲ್ಲ."

"ಎಣ್ಣೆ ಅಚ್ಚಿಸ್ಕಳ್ಳಪ್ಪ," ಎಂದು ಅವಳು ತಿರುಗಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಶಿವಶಂಕರ ಗೊಬ್ಬರದ ಮೂಟೆಯನ್ನು ಬೈಕಿಗೆ ಎತ್ತಿ ಹಾಕಿಕೊಂಡು ಅವಳ ಪಕ್ಕದಲ್ಲೇ ಹಾದು ಹೋದ. ಸೊಂಟದ ನೆನಪು ಅವನಿಗೆ ಬೀದಿಯ ತಿರುವಿನಲ್ಲಿ ಬಂದಿರಬೇಕು. ಅಲ್ಲಿ ಒಂದು ಸಲ ಕೈ ಹಿಂದಕ್ಕೆ ಇಟ್ಟುಕೊಂಡ.

ಯಶೋದಳ ಮನೆಯಲ್ಲಿ ಯಶೋದ ಬಾಗಿಲಿಗೆ ಬಂದು, "ನಮ್ಮತ್ತೇನ ಕೇಳ್ಬೇಕು," ಅಂದಳು. ಒಳಗಿನಿಂದ ಅತ್ತೆ ಕೆಮ್ಮಿದಳು. ಯಶೋದ ಆ ಕೆಮ್ಮನ್ನು ಕೇಳಿಸಿಕೊಂಡು, "ಅವ್ರು ಮಲ್ಗವ್ರೆ," ಅಂದಳು.

ಇನ್ನು ಉಳಿದದ್ದು ಪುಟ್ಟಮಾದಯ್ಯ. ಪುಟ್ಟಮಾದಮ್ಮನ ಗಂಡ ಬಿಳಿಗಿರಿಗೆ ದೊಡ್ಡಪ್ಪನ ಮಗ, ಅವಳಿಗೆ ಬಾವ. ಊರಿನ ಕುಯ್ಲು ಯಾವ ಹೊಲದಿಂದ ಯಾವ ಹೊಲಕ್ಕೆ ಹೋಗಬೇಕೆಂದು ಹೇಳುವವನು ಅವನೇ. ಅವನು ಬಂದರೆ ಊರು ಬರುತ್ತದೆ. ಅವಳು ಹೋದಾಗ ಅವನು ಖಾಲಿ ಕೊಟ್ಟಿಗೆಯ ಮುಂದೆ ಕೂತು ಬೇವಿನ ಕಡ್ಡಿ ಅಗಿಯುತ್ತಿದ್ದ.

"ನಮ್ ಕೈ ಯಾಕಮ್ಮಿ ನಿಂಗೆ?" ಅಂದ. "ತಾರ್ಸಿ ಮ್ಯಾಲೆ ಮಿಸೀನು ಕೂರ್ಸಿದ್ದೀಯಲ್ಲ, ಅದ್ಕೇ ಏಳು. ಕುಯ್ಕೊಡ್ಲಿ."

"ಅದು ಆಕಾಸ ನೋಡೋ ಕ್ಯಾಮ್ರ ಬಾವ. ಆಗ್ಲೇ ಏಳಿವ್ನಿ ನಿಮ್ಗೆ."

"ಆಕಾಸ ನೋಡೋದು ತಲೆ ಎತ್ತಿ ನೋಡ್ತದೆ. ಇದ್ಯಾಕೆ ಪಡುವಲ್ಕೆ ಕತ್ತು ವಾರೆ ಮಾಡ್ಕಂಡು ಕೂತದೆ? ಪಡುವಲ್ಗೇನದೆ? ನಮ್ ದನ ಕಾಡಿಗಿಳಿಯೋ ಓಣಿ ಅದೆ."

ಅದು ಯಾಕೆ ವಾಲಿದೆಯೆಂದು ಪುಟ್ಟಮಾದಮ್ಮ ಕೇಳಿಯೇ ಇರಲಿಲ್ಲ.

ಆ ಯಂತ್ರವನ್ನು ಶ್ರಾವಣದಲ್ಲಿ ತಂದು ಕೂರಿಸಿದವಳು ದಿವ್ಯ, ಕೊಳ್ಳೇಗಾಲದ ಕಾಲೇಜೊಂದರಲ್ಲಿ ಪಾಠ ಹೇಳುವವಳು, ಮನೆ ಯಳಂದೂರು. ಬೀದಿದೀಪ ಮುಟ್ಟದ, ಕರೆಂಟು ಮಾತ್ರ ಇರುವ ಒಂದು ತಾರಸಿ ಬೇಕೆಂದು ಹಳ್ಳಿ ಹಳ್ಳಿ ಸುತ್ತಿ, ಕೊನೆಗೆ ಈ ಊರಿನ ಈ ಕೊನೆಯ ಮನೆಗೆ ಬಂದಿದ್ದಳು. ರಾತ್ರಿ ಚುಕ್ಕಿ ಬೀಳುತ್ತವಲ್ಲ, ಅವು ಚುಕ್ಕಿಯಲ್ಲ, ರಾಗಿ ಕಾಳಿನಷ್ಟೋ ಕಡಲೆಯಷ್ಟೋ ಇರುವ ಕಲ್ಲು. ಅವು ಗಾಳಿಗೆ ಹೊಕ್ಕಾಗ ಎಷ್ಟು ಜೋರಾಗಿ ಬರುತ್ತವೆಂದು ಅಳೆಯಬೇಕು ಎಂದಿದ್ದಳು.

"ಅಳ್ದು ಏನ್ಮಾಡೀರಿ?" ಎಂದು ಬಿಳಿಗಿರಿ ಕೇಳಿದ್ದ.

"ಎಷ್ಟು ಜೋರು, ಯಾವ ಕಡೆಯಿಂದ ಅಂತ ಗೊತ್ತಾದ್ರೆ ಅದು ಎಲ್ಲಿಂದ ಹೊರಟಿದ್ದು, ಯಾವ ದಾರೀಲಿ ಬಂತು ಅಂತ ಲೆಕ್ಕ ಹಾಕ್ಬಹುದು."

ಬಿಳಿಗಿರಿಗೆ ಇದು ಹಿಡಿಸಲಿಲ್ಲ. ಪುಟ್ಟಮಾದಮ್ಮನಿಗೆ ಹಿಡಿಸಿತು. ಅವಳು ಹುಟ್ಟಿದ ಮನೆಯಲ್ಲಿ ಮಾದಪ್ಪನ ಕಥೆ ಮಾಡಿಸುತ್ತಿದ್ದರು. ಕಂಸಾಳೆ ಹಿಡಿದವರು ಕೂತರೆ ಬೆಳಗಾಗುವವರೆಗೆ ಏಳುತ್ತಿರಲಿಲ್ಲ, ಕಂಬಕ್ಕೆ ಒರಗಿದ ಅವಳೂ ಏಳುತ್ತಿರಲಿಲ್ಲ. ಕಥೆಯೊಳಗೆ ಯಾರೇ ಬರಲಿ, ದೇವರೇ ಬರಲಿ ಭಿಕ್ಷುಕನೇ ಬರಲಿ, ಮೊದಲು ಕೇಳುವ ಮಾತು ಅದೇ: ಎಲ್ಲಿಂದ ಬಂದಿರಿ, ಯಾವ ದಾರಿ ಹಿಡಿದು ಬಂದಿರಿ. ಬಂದವರನ್ನು ಹಾಗೆ ಕೇಳದೆ ಬಿಡಬಾರದು. ಆಕಾಶದಿಂದ ಬಂದದ್ದನ್ನು ಇದುವರೆಗೆ ಯಾರೂ ಕೇಳಿಲ್ಲವಲ್ಲ ಎಂದುಕೊಂಡು, "ಮಡಗ್ಕಳಿ ಬುಡಿ," ಎಂದಿದ್ದಳು.

ದೀಪಾವಳಿ ಕಳೆದ ಮೇಲೆ ಪುಟ್ಟಮಾದಯ್ಯನ ಎಮ್ಮೆಗಳು ಮೇಯಿಸಬಾರದ ಕಾಡಿನೊಳಗೆ ಸಿಕ್ಕಿಬಿದ್ದವು. ಫಾರೆಸ್ಟ್ ಗಾರ್ಡುಗಳು ಅತ್ತಿತ್ತ ಹುಡುಕದೆ ನೇರ ಅವು ಮೇಯುತ್ತಿದ್ದ ಹಳ್ಳದ ಹತ್ತಿರಕ್ಕೇ ಬಂದರು. ಎಮ್ಮೆ ಹೊಡೆದುಕೊಂಡು ಹೋದರು, ಕೇಸು ಹಾಕಿದರು. ಅವರಿಗೆ ಜಾಗ ಹೇಳಿದವರು ಯಾರು ಎಂದು ಊರು ಯೋಚಿಸಿತು. ಸಂಜೆಯಾದರೆ ಬಿಳಿಗಿರಿಯ ತಾರಸಿಯ ಮೇಲೆ ಗುರ್ರ್ ಎಂದು ಸದ್ದು ಶುರುವಾಗುತ್ತದೆ. ಕಾಡಿನ ಮರಗಳಿಗೂ ಈಚೆಗೆ ಕ್ಯಾಮೆರಾ ಕಟ್ಟಿದ್ದಾರೆ. ಊರು ಇದಕ್ಕೂ ಅದಕ್ಕೂ ಗಂಟು ಹಾಕಿತು.

ಅನುಮಾನ ಊರಿನಲ್ಲಷ್ಟೇ ಇದ್ದಿದ್ದರೆ ಪುಟ್ಟಮಾದಮ್ಮ ತಡೆದುಕೊಳ್ಳುತ್ತಿದ್ದಳು. ಅದು ಅವಳ ಮನೆಯೊಳಕ್ಕೂ ಬಂದಿತ್ತು.

"ಆ ಹುಡ್ಗಿ ಫಾರೆಸ್ಟ್‌ನೋರ ಕಡೇಳೇ ಆಗಿದ್ರೆ?" ಎಂದು ಬಿಳಿಗಿರಿ ಊಟದ ಹೊತ್ತಿನಲ್ಲಿ ತೆಗೆಯುತ್ತಿದ್ದ. "ಓದ್ಸತಿ ಬಂದಾಗ ಗುಡ್ಡದ ಫೋಟ ಒಡ್ಕಂಡ್ಲು. ಚುಕ್ಕಿ ನೋಡೋಳ್ಗೆ ಗುಡ್ಡ ಯಾಕೆ? ಆನೆ ಯಾವಾಗ ಬತ್ತವೆ ಅಂತ ಬ್ಯಾರೆ ಕೇಳಿದ್ಲು."

"ಆನೆ ಬಂದ್ರೆ ಪೆಟ್ಗೆ ಕಿತ್ತಾಕ್ತವೆ ಅಂತ ಕೇಳಿರ್ಬೋದು."

"ಇರ್ಬೋದು. ನೀನೂ ಇರ್ಬೋದು ಅಂತಿದ್ದೀಯೇ ವರ್ತು ಅದೇಯಾ ಅಂತಿಲ್ಲ."

ನಿಜವಾಗಿಯೂ ಅವಳು ಹಾಗೆಯೇ ಅಂದಿದ್ದಳು. ಆ ಮೇಲೆ ಹಾಲು ಕರೆಯುವಾಗ, ಒಲೆ ಊದುವಾಗ, ತಾರಸಿಯ ಕಡೆಗೇ ಕಣ್ಣು ಹೋಗುತ್ತಿತ್ತು. ಬಿಳಿ ಪೆಟ್ಟಿಗೆ, ಅದರ ಮುಖಕ್ಕೆ ಅರ್ಧ ಗುಂಡಗಿನ ಗಾಜು, ಗಾಜಿನೊಳಗೆ ಕರಿ ಗುಡ್ಡೆ. ಎಲ್ಲಿ ನಿಂತು ನೋಡಿದರೂ ಅದು ಓಣಿಯನ್ನೇ ನೋಡುತ್ತಿರುವಂತೆ ಕಾಣುತ್ತಿತ್ತು.

ಭಾನುವಾರ ದಿವ್ಯ ಸ್ಕೂಟರಿನಲ್ಲಿ ಬಂದಳು. ಪರೀಕ್ಷೆ, ಪೇಪರು ಎಂದು ತಿಂಗಳುಗಟ್ಟಲೆ ಈ ಕಡೆ ತಲೆ ಹಾಕಿರಲಿಲ್ಲ; ಹೂಗ್ಯಂನಲ್ಲಿ ನೆಟ್‌ವರ್ಕು ನಿಲ್ಲದ್ದರಿಂದ ಚಿತ್ರಗಳನ್ನು ತಾನೇ ಬಂದು ಒಯ್ಯಬೇಕಿತ್ತು. ಅವಳು ಹೆಲ್ಮೆಟ್ ತೆಗೆಯುವುದರೊಳಗೆ ಪುಟ್ಟಮಾದಮ್ಮ ಗಂಡನಿಗೆ ಹೇಳಿದಳು: "ಓಗು, ಬಾವನ್ನ ಕರ್ಕಂಡ್ ಬಾ. ಏನ್ ಕೇಳ್ಬೇಕೋ ಇವ್ಳನ್ನೇ ಕೇಳ್ಲಿ."

ಪುಟ್ಟಮಾದಯ್ಯ ಬಂದ. ಅವನ ಹಿಂದೆ ಕರೆಯದೆಯೇ ಶಿವಶಂಕರನೂ ಬಂದು ತಾರಸಿಯ ಮೆಟ್ಟಿಲಲ್ಲಿ ನಿಂತ. ದಿವ್ಯ ಪೆಟ್ಟಿಗೆಯ ಹಿಂಬಾಗಿಲು ತೆರೆದು, ಕಾರ್ಡು ತೆಗೆದು, ಲ್ಯಾಪ್‌ಟಾಪಿಗೆ ಹಾಕಿಕೊಂಡು ನೆರಳಿನಲ್ಲಿ ಕೂತಿದ್ದಳು.

"ಮೇಡಮ್ಮೋರೆ," ಅಂದ ಪುಟ್ಟಮಾದಯ್ಯ. "ಇದು ಯಾಕೆ ವಾಲದೆ?"

ದಿವ್ಯ ಆ ಪ್ರಶ್ನೆಗೆ ಸಂತೋಷಪಟ್ಟವಳಂತೆ ಕಂಡಳು. ಪಾಠ ಹೇಳುವವರಿಗೆ ಪ್ರಶ್ನೆ ಯಾವ ದನಿಯಲ್ಲಿ ಬಂತೆಂಬುದು ಕೆಲವು ಸಲ ಕೇಳಿಸುವುದಿಲ್ಲ.

"ಇಂಥದ್ದೇ ಇನ್ನೊಂದು ಯಳಂದೂರಲ್ಲಿ ನಮ್ಮನೆ ಮೇಲಿದೆ," ಅಂದಳು. "ಅದು ಮೂಡಲಕ್ಕೆ ವಾಲಿದೆ, ಇದು ಪಡುವಲಕ್ಕೆ. ಎರಡೂ ಸೇರಿ ನಡುವಿನ ಆಕಾಶ ನೋಡಬೇಕು. ಹನೂರು ಕಡೆ ಮೇಲೆ, ತುಂಬಾ ಎತ್ತರದಲ್ಲಿ. ನೋಡಿ, ಇದು ದಸರಾಕ್ಕೆ ಮುಂಚೆ ಸಿಕ್ಕಿದ್ದು."

ಪರದೆಯ ಮೇಲೆ ಕಪ್ಪು ಆಕಾಶ, ಅದರಲ್ಲಿ ಒಂದು ಬೆಳ್ಳಗಿನ ಗೆರೆ. ಗೆರೆ ಒಂದೇ ಆಗಿರಲಿಲ್ಲ. ಯಾರೋ ಕತ್ತರಿಯಲ್ಲಿ ಕತ್ತರಿಸಿದಂತೆ ತುಂಡು ತುಂಡಾಗಿತ್ತು.

"ಒಳಗೊಂದು ರೆಕ್ಕೆ ತಿರುಗುತ್ತೆ. ಗುರ್ ಅನ್ನೋದು ಅದೇ. ಬೆಳಕನ್ನ ಕತ್ತರಿಸ್ತಾ ಹೋಗುತ್ತೆ. ಒಂದೊಂದು ತುಂಡಿಗೂ ಹಿಡಿಯೋ ಹೊತ್ತು ಒಂದೇ. ಆದ್ರಿಂದ ತುಂಡು ಉದ್ದ ಇದ್ದಷ್ಟೂ ಜೋರು. ಇಲ್ಲಿ ಕೊನೇಲಿ ನೋಡಿ, ತುಂಡು ಗಿಡ್ಡ ಆಗಿದೆ. ಗಾಳಿ ತಡೀತು."

"ಮಿಂಚುಳ ಆರಿದ್ರೂ ಗೆರೆ ಬೀಳ್ತದೆ," ಅಂದ ಶಿವಶಂಕರ ಮೆಟ್ಟಿಲಿನಿಂದ.

"ಬೀಳುತ್ತೆ. ಅದಕ್ಕೇ ಒಂದು ಕಣ್ಣು ಸಾಲದು. ಹತ್ತಿರದಲ್ಲಿ ಮೆಲ್ಲಗೆ ಹೋಗಿದ್ದೂ ದೂರದಲ್ಲಿ ಜೋರಾಗಿ ಹೋಗಿದ್ದೂ ಒಂದೇ ಕಣ್ಣಿಗೆ ಒಂದೇ ಥರ ಕಾಣುತ್ತೆ. ಅದೇ ಗಳಿಗೇಲಿ ಯಳಂದೂರಿನ ಕಣ್ಣಿಗೂ ಕಂಡು, ಅಲ್ಲಿ ಬೇರೆ ನಕ್ಷತ್ರಗಳ ಮಧ್ಯ ಕಂಡ್ರೆ, ಎರಡನ್ನೂ ಕೂಡಿಸಿ ಎಷ್ಟು ಎತ್ತರ, ಎಷ್ಟು ದೂರ ಅಂತ ಸಿಗುತ್ತೆ. ಆಮೇಲೆ ವೇಗ. ಇದು ಸೆಕೆಂಡಿಗೆ ಇಪ್ಪತ್ತೆಂಟು ಕಿಲೋಮೀಟರ್ ಬಂದಿದೆ. ಇಲ್ಲಿಂದ ಹನೂರು ಹತ್ರ ಹತ್ರ ಅಷ್ಟೇ. ನಿಮ್ ಬಸ್ಸು ಎಷ್ಟೊತ್ತು ತಗೊಳ್ಳುತ್ತೆ?"

"ಬಸ್ಸು ಬಂದ್ರೆ ತಾನೆ," ಅಂದ ಬಿಳಿಗಿರಿ.

ಪುಟ್ಟಮಾದಯ್ಯ ನಗಲಿಲ್ಲ. ಪರದೆಯನ್ನು ಬಹಳ ಹೊತ್ತು ನೋಡಿದ. "ಇಲ್ಲೊಂದು ಕಣ್ಣು, ಅಲ್ಲೊಂದು ಕಣ್ಣು. ಎರಡೂ ಒಂದೇ ಮಾತು ಏಳ್ತವೆ, ಅದ್ಕೆ ದಿಟ ಅಂತೀರಿ."

"ಹೌದು."

"ಎರಡೂ ನಿಮ್ಮವೇ."

"ನನ್ನವೇ."

"ಎರಡು ಸಾಕ್ಸಿನೂ ಒಂದೇ ಮನೇವಾದ್ರೆ ಪಂಚಾಯ್ತೀಲಿ ಒಪ್ಪಕಿಲ್ಲ ಕಣ್ರಿ. ಅದಿರ್ಲಿ. ದೀಪಾವಳಿ ಆದ್ಮ್ಯಾಲಿಂದು ತೋರ್ಸಿ. ನಮ್ಮೆಮ್ಮೆ ಇಡಿದ್ರಲ್ಲ, ಆ ವಾರದ್ದು."

ದಿವ್ಯ ಬೆರಳಾಡಿಸಿದಳು. ಅವಳ ಮುಖ ಕಪ್ಪಿಟ್ಟಿತು. ಮತ್ತೆ ಬೆರಳಾಡಿಸಿದಳು. ಆ ವಾರದ ಚಿತ್ರಗಳಲ್ಲಿ ಆಕಾಶವೇ ಇರಲಿಲ್ಲ. ಮಂಜು ಕವಿದಂತೆ ಅಡ್ಡಡ್ಡ ಮೂರು ಪಟ್ಟೆ, ನಡುವೆ ಅಲ್ಲೊಂದು ಇಲ್ಲೊಂದು ಮಬ್ಬು ಚುಕ್ಕಿ. ಅದರ ಹಿಂದಿನ ವಾರವೂ ಹಾಗೇ. ಅದರ ಹಿಂದಿನದೂ ಹಾಗೇ.

"ಇದೇನಿದು?" ಅಂದಳು, ತನಗೇ ಹೇಳಿಕೊಳ್ಳುವಂತೆ. ಆಮೇಲೆ ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಗಾಜಿಗೆ ಯಾರೋ ಏನೋ ಬಳಿದಿದಾರೆ. ಒಂದು ಸಲ ಅಲ್ಲ. ಮಳೇಲಿ ತೊಳೆದು ಹೋದ್ರೆ ಮತ್ತೆ ಬಳಿದಿದಾರೆ. ವಾರ ವಾರ. ಬೇಕಂತಲೇ ಮಾಡಿರೋದು. ಯಾರು ಹತ್ತಿದ್ರು ಇಲ್ಲಿಗೆ?"

ಅವಳ ಕಣ್ಣು ಪುಟ್ಟಮಾದಯ್ಯನ ಮೇಲೆ ನಿಂತಿತು. ಪುಟ್ಟಮಾದಯ್ಯನ ಕಣ್ಣೂ ಅವಳ ಮೇಲೆಯೇ ನಿಂತಿತ್ತು.

"ನನ್ ಮ್ಯಾಲೆ ಆಕ್ಬುಡಿ," ಅಂದ. "ಅದೊಂದು ಕೇಸು ಬಾಕಿ ಇತ್ತು."

"ನಾನು ಹಾಗಂದೆನಾ?"

"ಅನ್ನಕ್ಕೆ ಮುಂಚೇನೆ ಕೇಳಿಸ್ತು."

ಪುಟ್ಟಮಾದಮ್ಮ ಗೋಡೆಗೆ ಒರಗಿ ನಿಂತಿದ್ದಳು. ಮೂರು ಪಟ್ಟೆಯನ್ನು ಕಂಡಾಗಲೇ ಅವಳಿಗೆ ಗೊತ್ತಾಗಿತ್ತು.

"ನಾನೇ ಕಣವ್ವ," ಅಂದಳು.

ಎಲ್ಲರೂ ಅವಳ ಕಡೆ ತಿರುಗಿದರು.

"ಆಯ್ದಪೂಜೆ ದಿನ ಇವ್ರು ಮೋಟ್ರಿಗೆ, ಕುಡ್ಲಿಗೆ, ಗಾಡೀಗೆ ಎಲ್ಲಾಕೂ ಇಬೂತಿ ಇಟ್ರು. ನಮ್ಮನೇಲಿರೋ ಮಿಸೀನು, ಇದ್ಕೊಂದ್ ಯಾಕೆ ಬುಡೂವ ಅಂತ ನಾನು ಮೇಲತ್ತಿ ಬಂದೆ. ಗುಂಡ್ಗದೆ, ಕರ್ರುಗದೆ, ಲಿಂಗ ಇದ್ದಂಗೇ ಅದೆ. ಮೂರು ಬೆಳ್ಳು ಎಳ್ದು ಕೈ ಮುಕ್ಕಂಡೆ. ಒಂದ್ಸತಿ ಇಟ್ಟಿದ್ನ ಬುಡಬಾರ್ದಲ್ಲ. ಸ್ವಾಮಾರ ಸ್ವಾಮಾರ ಇಡ್ತಾ ಬಂದೆ."

ದಿವ್ಯ ಎದ್ದು ಹೋಗಿ ಗಾಜಿನ ಮುಖವನ್ನು ನೋಡಿದಳು. ಇಬ್ಬನಿಗೆ ಕರಗಿ, ದೂಳು ಹಿಡಿದು, ಪಟ್ಟೆಯ ಗುರುತೇ ಸಿಗದಂತೆ ಬೂದಿ ಹರಡಿತ್ತು. ಬೆರಳಲ್ಲಿ ಮುಟ್ಟಿ ಮೂಸಿದಳು. ದಿವ್ಯಳ ಹಣೆಯ ಮೇಲೂ ಅದೇ ಬೂದಿಯ ತೆಳು ಗೆರೆಯಿತ್ತು. ಬೈಯಲು ಬಾಯಿ ತೆರೆದವಳು ಬೈಯಲಿಲ್ಲ. ಎರಡೂವರೆ ತಿಂಗಳ ಆಕಾಶ ಹೋಯಿತು ಎಂದು ಮಾತ್ರ ಮೆಲ್ಲಗೆ ಅಂದಳು.

"ನಂಗೂ ಏಳ್ನಿಲ್ವಲ್ಲ ನೀನು," ಅಂದ ಬಿಳಿಗಿರಿ.

ಪುಟ್ಟಮಾದಯ್ಯ ಮಾತ್ರ ಪುಟ್ಟಮಾದಮ್ಮನನ್ನೇ ನೋಡುತ್ತಿದ್ದ. ಅವನ ಮುಖದ ಗಂಟು ಒಂದೊಂದಾಗಿ ಸಡಿಲವಾಯಿತು. ಕೊನೆಗೆ ತುಟಿಯ ತುದಿಯಲ್ಲಿ ನಗೆ ಬಂತು, ಯಾರಿಗೂ ಕಾಣಬಾರದ ನಗೆ.

"ಊಂ," ಅಂದ. "ತಿಳೀತು ಬುಡು."

ಕೆಳಗೆ ಹಟ್ಟಿಗೆ ಇಳಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಅಂದ: "ಅವ್ಳ ಮುಂದೆ ಪೂಜೆ ಗೀಜೆ ಅಂದೆಯಲ್ಲ, ಒಳ್ಳೇದಾಯ್ತು. ಮಾದಪ್ಪನ ಇಬೂತಿ ಬಳ್ದು ಅದರ ಕಣ್ಣೇ ಕಟ್ಬುಟ್ಟಿದ್ದೀಯ. ನಮ್ ದನಕ್ಕೋಸ್ಕರ. ನಾವು ನಿನ್ನೇ ಅನ್ಮಾನುಸ್ದೋ ಕಣಮ್ಮಿ."

"ಅಂಗಲ್ಲ ಬಾವ..."

"ಏಳ್ಬ್ಯಾಡ. ಏಳಿದ್ರೆ ಕೆಡ್ತದೆ. ನಾಳೆ ಸ್ವಾಮಾರ, ಮಾದಪ್ಪನ ದಿನ, ಕುಡ್ಲು ಮುಟ್ಟಂಗಿಲ್ಲ. ಮಂಗ್ಳಾರ ಊರೆಲ್ಲ ನಿನ್ನೊಲಕ್ಕೆ ಇಳೀತದೆ." ಹೊರಟವನು ನಿಂತು, ಮೆಟ್ಟಿಲಿಳಿಯುತ್ತಿದ್ದ ಶಿವಶಂಕರನನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಇದ್ರ ಕಣ್ಣು ಕಟ್ಟಿತ್ತು ಅಂದ್ಮ್ಯಾಲೆ ಗಾರ್ಡ್‌ಗೆ ಏಳ್ದೋರು ಬ್ಯಾರೆ ಯಾರೋ ಅವ್ರೆ. ಏನ್ಲಾ ಶಿವಸಂಕ್ರ?"

"ನಂಗೇನ್ ಗೊತ್ತು ದೊಡ್ಡಪ್ಪ," ಅಂದ ಶಿವಶಂಕರ. ಸೊಂಟದ ಮೇಲೆ ಕೈ ಇಟ್ಟುಕೊಳ್ಳುವುದನ್ನು ಆಗ ಅವನು ಪೂರ್ತಿ ಮರೆತಿದ್ದ.

ಅವರೆಲ್ಲ ಹೋದ ಮೇಲೆ ದಿವ್ಯ ಹತ್ತಿಬಟ್ಟೆ ಒದ್ದೆ ಮಾಡಿಕೊಂಡು ಗಾಜನ್ನು ಒರೆಸಿದಳು. ಬೂದಿ ಹೋಗಿ ಗಾಜು ನೀರಿನಂತೆ ತಿಳಿಯಾಯಿತು.

"ಅಮ್ಮ, ಇನ್ನು ಇಡಬೇಡಿ," ಅಂದಳು. "ಈ ವಾರವೇ ಮಿಥುನ ರಾಶಿ ಕಡೆಯಿಂದ ಉಲ್ಕೆ ಸುರಿಯೋದು. ವರ್ಷಕ್ಕೊಂದು ಸಲ. ಇದು ತಪ್ಪಿದ್ರೆ ನನ್ನ ಹತ್ರ ಏನೂ ಉಳಿಯಲ್ಲ."

"ಅವ್ರು ಇದ್ರ ಕಣ್ಣು ಕಟ್ಟದೆ ಅನ್ಕಂಡವ್ರೆ. ಅದ್ಕೇ ಕುಯ್ಲಿಗೆ ಬತ್ತಾವ್ರೆ."

ದಿವ್ಯ ಬಟ್ಟೆ ಹಿಂಡಿದಳು. "ಹಾಗಿದ್ರೆ ತೆಗೆದುಕೊಂಡು ಹೋಗ್ಲಾ? ನಿಮ್ಮ ರಾಗಿ ಮುಖ್ಯ."

ಪುಟ್ಟಮಾದಮ್ಮ ಆ ಹುಡುಗಿಯ ಮುಖವನ್ನು ನೋಡಿದಳು. ಇವಳು ನಿಜವಾಗಿಯೂ ಯಾರು? ಆಕಾಶ ನೋಡುವವಳೇ, ಕಾಡು ನೋಡುವವಳೇ? ಪರದೆಯ ಮೇಲೆ ತುಂಡಾದ ಗೆರೆ ಕಂಡಿತ್ತು. ಅದು ಹನೂರಿನ ಮೇಲಿನ ಕಲ್ಲೇ ಎಂದು ಹೇಳಿದವಳೂ ಇವಳೇ. ಒಪ್ಪಲು ಇವಳ ಮಾತು ಬಿಟ್ಟರೆ ಇನ್ನೇನೂ ಇಲ್ಲ. ಮುಖದಲ್ಲಿ ಕಳ್ಳತನ ಕಾಣಲಿಲ್ಲ. ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದಲ್ಲ ಎಂದು ಒಳಗೆ ಒಂದು ದನಿ ಅಂದಿತು.

"ಮಡಗು," ಅಂದಳು. "ಮಡಗ್ಕಳಿ ಅಂತ ಬಾಯಲ್ಲಿ ಅಂದಿವ್ನಿ."

ಮಂಗಳವಾರ ಹೊತ್ತು ಮೂಡುವ ಮುಂಚೆಯೇ ಊರು ಹೊಲಕ್ಕೆ ಇಳಿಯಿತು. ಪುಟ್ಟಮಾದಯ್ಯ ಮೂಡಲ ಬದುವಿಗೆ ಕೈ ಮುಗಿದು ಮೊದಲ ಹಿಡಿ ಕುಯ್ದ. ಅವನ ಪಕ್ಕದಲ್ಲಿ ಶಿವಶಂಕರ, ಆಚೆಗೆ ಯಶೋದ, ಯಶೋದಳ ಅತ್ತೆ ಕೂಡ ಕೆಮ್ಮದೆ ಸಾಲು ಹಿಡಿದಳು. ರಾಗಿ ಕರಕರ ಎನ್ನುತ್ತಾ ಮಲಗಿತು. ಹೆಂಗಸರು ಮಾದಪ್ಪನ ಪದ ಎತ್ತಿದರು. ಒಬ್ಬಳು ಎತ್ತಿದ್ದನ್ನು ಸಾಲೆಲ್ಲ ಹಿಡಿದುಕೊಂಡಿತು. ಆ ಪದ ಪುಟ್ಟಮಾದಮ್ಮನಿಗೆ ಉಸಿರಾಟದಷ್ಟು ಗೊತ್ತು. ಅವತ್ತು ಅವಳ ಬಾಯಿಂದ ಬರಲಿಲ್ಲ.

"ಯಾಕಕ್ಕ, ಗಂಟ್ಲು ಕಟ್ತಾ?" ಎಂದಳು ಯಶೋದ. "ಮಂತ್ರ ಏಳಿ ಏಳಿ ಸುಸ್ತಾಗಿರ್ಬೇಕು."

"ಯಾವ ಮಂತ್ರ?"

"ಬುಡಕ್ಕ, ಊರ್ಗೆಲ್ಲ ಗೊತ್ತು. ಮೂರು ಸ್ವಾಮಾರ ಉಪಾಸ ಇದ್ದು ಇಬೂತಿ ಮಂತ್ರುಸ್ದೆಯಂತೆ. ಮಿಸೀನು ಒಳ್ಗೇ ಸುಟ್ಟೋಯ್ತಂತೆ."

ಅತ್ತ ಪುಟ್ಟಮಾದಯ್ಯ, "ಮಾದಪ್ಪ ಅವ್ನೆ ಕಣ್ರೋ, ನಮ್ ಪುಟ್ಟಮಾದಮ್ಮನ ಕೈಲವ್ನೆ," ಅನ್ನುತ್ತಿದ್ದ. ಕುಯ್ಯುವವರು ಊಂಗುಟ್ಟುತ್ತಿದ್ದರು. ಅವಳು ತಗ್ಗಿಸಿದ ತಲೆ ಎತ್ತಲಿಲ್ಲ. ಬರಿಯ ಊರ ಮಾತಾಗಿದ್ದರೆ ಕೇಳಿ ಮರೆಯಬಹುದಿತ್ತು. ಮಾದಪ್ಪನ ಹೆಸರನ್ನು ಹಿಡಿದುಕೊಂಡು ಬಂದ ಸುಳ್ಳನ್ನು ಅವಳಿಗೆ ಪಕ್ಕಕ್ಕೆ ಇಡಲಾಗಲಿಲ್ಲ.

ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಅರ್ಧ ಹೊಲ ಮಲಗಿತ್ತು. ಅವಳು ಮನೆಗೆ ಹೋಗಿ ಮುದ್ದೆಯ ಕುಕ್ಕೆ, ಅವರೆಕಾಳು ಸಾರಿನ ಮಡಕೆ ಎತ್ತಿಕೊಂಡು ಬಂದಳು. ಬಿಳಿಗಿರಿ ಎದುರಾಗಿ ಮಡಕೆ ಇಳಿಸಿಕೊಂಡ. ಹೆಂಡತಿಯ ಮುಖ ನೋಡಿದವನಿಗೆ ವಿಷಯ ತಿಳಿಯಿತು.

"ಏಳ್ಲೇಬೇಕು ಅಂತಿದ್ರೆ ಉಂಡಾದ್ಮ್ಯಾಲೆ ಏಳು," ಎಂದು ಪಿಸುಗುಟ್ಟಿದ.

ಅವನು ಯಾಕೆ ಹಾಗೆ ಹೇಳಿದನೆಂದು ಅವಳಿಗೆ ಗೊತ್ತಿತ್ತು. ಮುಯ್ಯಿ ಹೊಲದಲ್ಲಿ ಆ ಮನೆಯ ಅನ್ನ ಉಂಡವರು ಹೊಲ ಮುಗಿಸದೆ ಬದು ಹತ್ತುವಂತಿಲ್ಲ. ಏನೇ ಜಗಳ ಬರಲಿ, ಉಂಡ ಮೇಲೆ ಕೊನೆಯ ಹಿಡಿಯವರೆಗೆ ಕುಯ್ದೇ ಏಳಬೇಕು. ತುತ್ತು ಬಾಯಿಗೆ ಹೋಗುವ ತನಕ ಅವರು ಯಾರಿಗೂ ಕಟ್ಟುಬಿದ್ದವರಲ್ಲ. ಒಂದು ಗಳಿಗೆ ಬಾಯಿ ಮುಚ್ಚಿಕೊಂಡರೆ ಉಳಿದ ಅರ್ಧ ಹೊಲವೂ ಮನೆ ಸೇರುತ್ತಿತ್ತು.

ಎಲ್ಲರೂ ಹುಣಸೆ ಮರದ ನೆರಳಿನಲ್ಲಿ ಸಾಲಾಗಿ ಕೂತು ಎಲೆ ಹಾಕಿಕೊಂಡರು. ಪುಟ್ಟಮಾದಮ್ಮ ಮುದ್ದೆ ಕೈಗೆತ್ತಿಕೊಂಡಳು, ಪುಟ್ಟಮಾದಯ್ಯನ ಎಲೆಯ ಮುಂದೆ ಬಗ್ಗಿದಳು, ಮುದ್ದೆಯನ್ನು ಮತ್ತೆ ಕುಕ್ಕೆಗೇ ಇಟ್ಟಳು.

"ಬಾವ, ಉಣ್ಣಕ್ಕೆ ಮುಂಚೆ ಒಂದ್ಮಾತು. ನಾನು ಅದ್ರ ಕಣ್ಣು ಕಟ್ಟಕ್ಕೆ ಅಂತ ಇಬೂತಿ ಇಟ್ಟಿಲ್ಲ. ಪೂಜೇಗೆ ಇಟ್ಟೆ, ಅಷ್ಟೇಯ. ಉಪಾಸಾನೂ ಇಲ್ಲ, ಮಂತ್ರಾನೂ ಇಲ್ಲ. ನಂಗೆ ಮಂತ್ರ ಬರಕಿಲ್ಲ. ಭಾನ್ವಾರ ನೀವೆಲ್ಲ ಕೆಳಕ್ಕಿಳಿದ ಮ್ಯಾಲೆ ಆ ಹುಡ್ಗಿ ಗಾಜು ತೊಳುದ್ಲು. ಇಬೂತಿ ಇಲ್ಲ ಈಗ."

ಶಿವಶಂಕರ ಎಲೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದ. ಯಶೋದಳ ಅತ್ತೆ ಕೆಮ್ಮಿದಳು.

"ತೊಳುದ್ಲು," ಅಂದ ಪುಟ್ಟಮಾದಯ್ಯ. "ನೀನು ನೋಡ್ಕಂಡು ನಿಂತಿದ್ದೆ."

"ನೀರು ತಂದ್ಕೊಟ್ಟೋಳೂ ನಾನೇಯ."

"ಅಂದ್ರೆ ಎರಡು ದಿಸ್ದಿಂದ ನೋಡ್ತಾ ಅದೆ."

"ಅಗ್ಲೊತ್ತು ನೋಡಕಿಲ್ಲ ಬಾವ. ಕತ್ತಲಾದ್ಮ್ಯಾಲೆ, ಅದೂ ಮ್ಯಾಲಕ್ಕೆ."

"ಅಂತ ಅವ್ಳು ಏಳಿದ್ಲು."

"ಊಂ. ಅವ್ಳು ಏಳಿದ್ಲು. ನಂಗೂ ಅಷ್ಟೇ ಗೊತ್ತಿರೋದು."

ಅವನು ಅವಳ ಕಣ್ಣನ್ನೇ ನೋಡಿದ. ಇದರ ಹಿಂದೆ ಇನ್ನೇನಾದರೂ ಇದೆಯೋ ಎಂದು ಹುಡುಕುವ ನೋಟ. "ಉಂಡಾದ್ಮ್ಯಾಲೆ ಏಳ್ಬೋದಾಗಿತ್ತಲ್ಲ. ಈಗ್ಲೇ ಯಾಕೆ ಏಳಿದೆ? ಇದ್ರಾಗೇನದೆ ಉಪಾಯ?"

"ಏನೂ ಇಲ್ಲ. ಓಗೋರು ಓಗಿ. ಅನ್ನ ಆಕಿ ಕಟ್ಟಾಕೋದು ಬ್ಯಾಡ ಅನ್ಸ್ತು."

ಪುಟ್ಟಮಾದಯ್ಯ ಎದ್ದ. ಅವನು ಎದ್ದದ್ದಕ್ಕೆ ಸಾಲೆಲ್ಲ ಎದ್ದಿತು. ಶಿವಶಂಕರ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಯಶೋದಳ ಅತ್ತೆ ಆಗಲೇ ಬದು ಹತ್ತಿ, "ಬಾರೇ," ಎಂದು ಸೊಸೆಯನ್ನು ಕೂಗಿ, ಇಬ್ಬರೂ ಹೋದರು. ಬಿಳಿಗಿರಿ ಮಡಕೆಯ ಪಕ್ಕದಲ್ಲಿ ತಲೆ ಹಿಡಿದುಕೊಂಡು ಕೂತ.

ಉಳಿದವರು ಪುಟ್ಟಮಾದಯ್ಯನಿಗಾಗಿ ಕಾದರು. ಅವನು ಬದು ಹತ್ತಲಿಲ್ಲ. ನಿಂತಿದ್ದ ರಾಗಿಯನ್ನು ನೋಡಿದ, ಅದರಾಚೆಯ ಕಾಡನ್ನು ನೋಡಿದ, ಬಲಗಡೆಗೆ ಬದುವಿಗೆ ಅಂಟಿಕೊಂಡಿದ್ದ ತನ್ನದೇ ಹೊಲವನ್ನು ನೋಡಿದ. ಅಲ್ಲಿಯ ತೆನೆ ಇನ್ನೂ ಹಸಿರು, ಕುಯ್ಲಿಗೆ ಇನ್ನೂ ಕೆಲವು ದಿನ ಬೇಕು.

"ಇದು ನಿಂತಿದ್ರೆ ರಾತ್ರಿ ಆನೆ ಬತ್ತದೆ," ಅಂದ ಶಿವಶಂಕರನಿಗೆ. "ಇವ್ಳ ಒಲ ತಿಂದು ಒಟ್ಟೆ ತುಂಬ್ತು ಅಂತ ವಾಪಸ್ ಓಯ್ತದೇನ್ಲಾ? ಪಕ್ಕದ್ದು ನಂದು. ಅದ್ರ ಪಕ್ಕದ್ದು ನಿಂದು."

"ಅಂಗಾದ್ರೆ ಉಂಡೇ ಕುಯ್ಯೂವ ದೊಡ್ಡಪ್ಪ. ಅವ್ರೆಕಾಳು ವಾಸ್ನೆ ಬತ್ತಾ ಅದೆ."

"ಉಣ್ಣಕಿಲ್ಲ. ಉಂಡ್ರೆ ಇವ್ಳಿಗೋಸ್ಕರ ಕುಯ್ದಂಗಾಯ್ತದೆ. ನಾವು ಕುಯ್ತಿರೋದು ಆನೆಗೋಸ್ಕರ."

ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ, ತಲೆಗೆ ಸುತ್ತಿ, ಕಣ್ಣೆರಡನ್ನು ಬಿಟ್ಟು ಮುಖವೆಲ್ಲ ಮುಚ್ಚುವಂತೆ ಬಿಗಿದು ಕಟ್ಟಿಕೊಂಡ. ಒಂದು ಸಲ ಹಿಂದಿರುಗಿ ಬಿಳಿಗಿರಿಯ ತಾರಸಿಯ ಕಡೆ ನೋಡಿ, ಅದಕ್ಕೆ ಬೆನ್ನು ಹಾಕಿ ಸಾಲಿಗೆ ಬಗ್ಗಿದ. ಶಿವಶಂಕರನೂ ಟವೆಲ್ ಕಟ್ಟಿಕೊಂಡ. ಉಳಿದ ಗಂಡಸರೂ ಕಟ್ಟಿಕೊಂಡರು. ಹೆಂಗಸರು ಸೆರಗನ್ನು ಮೂಗಿನವರೆಗೆ ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡರು. ಹಲ್ಲಿನಲ್ಲಿ ಸೆರಗಿದ್ದುದರಿಂದ ಪದ ಹೇಳುವಂತಿರಲಿಲ್ಲ. ಯಾರು ಯಾರೆಂದು ಗೊತ್ತಾಗದಂತೆ ಮುಸುಕು ಹಾಕಿಕೊಂಡ ಊರು, ಹಾಡಿಲ್ಲದೆ, ಮಾತಿಲ್ಲದೆ, ಕರಕರ ಸದ್ದೊಂದನ್ನೇ ಮಾಡುತ್ತಾ ಕಾಡಿನ ಬದುವಿನ ಕಡೆಗೆ ಕುಯ್ಯುತ್ತಾ ಹೋಯಿತು.

ಪುಟ್ಟಮಾದಮ್ಮ ಮುಖ ಮುಚ್ಚಿಕೊಳ್ಳದೆ ಕೊನೆಯ ಸಾಲು ಹಿಡಿದಳು. ನೀರಿನ ಕೊಡ ತಂದರೆ ಯಾರೂ ಕೈಯೊಡ್ಡಲಿಲ್ಲ. ಒಬ್ಬ ಮನೆಯಿಂದ ತಂದಿದ್ದ ಬಾಟಲಿಯಿಂದಲೇ ಎಲ್ಲರೂ ಒಂದೊಂದು ಗುಟುಕು ಕುಡಿದರು. ಹೊತ್ತು ಇಳಿಯುವುದರೊಳಗೆ ಹೊಲ ಬೋಳಾಯಿತು. ಕಂತೆ ಕಟ್ಟಿ, ಹೊರೆ ಹೊತ್ತು, ಮನೆಯ ಹಿಂದೆ ಮೆದೆ ಹಾಕುವವರೆಗೂ ಟವೆಲ್ಲು ಬಿಚ್ಚಲಿಲ್ಲ. ಮೆದೆಯ ತುದಿಗೆ ಕೊನೆಯ ಹೊರೆ ಎತ್ತಿ ಕೊಟ್ಟವನು ಶಿವಶಂಕರನೋ ಬೇರೆಯವನೋ ಪುಟ್ಟಮಾದಮ್ಮನಿಗೆ ಹೇಳಲಾಗುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಪುಟ್ಟಮಾದಯ್ಯ ಮುಖದ ಬಟ್ಟೆ ಸಡಿಲಿಸದೆಯೇ ಬಂದು ನಿಂತ.

"ಬರೋ ವಾರ ನಮ್ಮೊಲ," ಅಂದ. "ನೀನು ಬರೋದೇನ್ ಬ್ಯಾಡ. ಲೆಕ್ಕ ಇಲ್ಲ."

"ಬತ್ತೀನಿ ಬಾವ."

ಅವನು ಟವೆಲಿನ ಗಂಟನ್ನು ಇನ್ನಷ್ಟು ಬಿಗಿದ. "ಬಂದ್ರೆ ಒಬ್ಳೇ ಬಾ. ಆ ಹುಡ್ಗಿ ಬರ್ಬಾರ್ದು."

ಓಣಿಯಲ್ಲಿ ಹೋದರೆ ತಾರಸಿಯ ಕೆಳಗೇ ಹೋಗಬೇಕು. ಅವನು ಬದು ಹಿಡಿದು ಸುತ್ತು ಹಾಕಿಕೊಂಡು ಹೋದ.

ಬಿಳಿಗಿರಿ ಮೆದೆಗೆ ಬೆನ್ನು ಕೊಟ್ಟು ಕೂತು ತಣ್ಣಗಾದ ಮುದ್ದೆಯನ್ನು ಮುರಿದ. "ಊರಿಗಾಗೋವಷ್ಟು ಬೇಯ್ಸಿದ್ದೀಯ," ಅಂದ. "ಇದ್ನೆಲ್ಲ ಏನ್ಮಾಡೂವ?"

"ಉಣ್ಣು," ಅಂದಳು ಪುಟ್ಟಮಾದಮ್ಮ. ತಾನೂ ಒಂದು ಮುದ್ದೆ ತೆಗೆದುಕೊಂಡು, ಸಾರು ಬಿಟ್ಟುಕೊಂಡು, ಗಂಡನ ಪಕ್ಕದಲ್ಲಿ ಕೂತಳು. ಬೆಳಿಗ್ಗೆಯಿಂದ ಅವಳೂ ಏನನ್ನೂ ತಿಂದಿರಲಿಲ್ಲ.